ಬೀಗ, ಸರಪಳಿ, ಗ್ರಿಲ್, ಕ್ಯಾಮೆರಾ: ಮನೆಗೆ ಯಾವುದು ಮೊದಲು?

ಮನೆಯ ಭದ್ರತೆಗೆಂದು ದುಡ್ಡು ತೆಗೆದಿಟ್ಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಕ್ಯಾಮೆರಾ. ಬೀಗದ ನಾಲಿಗೆ ಹೋಗಿ ಕೂರುವ ತಗಡನ್ನು ಚೌಕಟ್ಟಿಗೆ ಹಿಡಿದಿಟ್ಟಿರುವ ಸ್ಕ್ರೂ ಎಷ್ಟು ಉದ್ದವಿದೆ ಎಂದು ಬಿಚ್ಚಿ ನೋಡಿದವರು ತೀರಾ ಕಡಿಮೆ. ನಮ್ಮ ಸಲಹೆ ಈ ಕ್ರಮವನ್ನು ತಲೆಕೆಳಗು ಮಾಡುವುದು. ಮೊದಲು ಬಾಗಿಲು ತೆರೆಯದೆ ಮಾತಾಡುವ ವ್ಯವಸ್ಥೆ, ಆಮೇಲೆ ಚೌಕಟ್ಟು ಮತ್ತು ಬೀಗ, ಅದಾದ ಮೇಲೆ ಕಿಟಕಿ ಮತ್ತು ಬೆಳಕು. ಇಷ್ಟೆಲ್ಲ ಮುಗಿದು ಹಣ ಉಳಿದರೆ ಕ್ಯಾಮೆರಾ.

ಮನೆಗೆ ಹಾಕಿಸುವ ಯಾವುದೇ ಸಾಧನ ಮಾಡುವುದು ನಾಲ್ಕರಲ್ಲಿ ಒಂದು ಕೆಲಸ: ನುಗ್ಗುವವನನ್ನು ತಡವಾಗಿಸುವುದು, ಒಳಗಿರುವವರನ್ನು ಎಚ್ಚರಿಸುವುದು, ಹೊರಗೆ ನಿಂತವರು ಯಾರೆಂದು ತೋರಿಸುವುದು, ನಡೆದದ್ದನ್ನು ದಾಖಲಿಸುವುದು. ಕೊಳ್ಳುವ ಮುಂಚೆ ಇದು ಯಾವ ಕೆಲಸಕ್ಕೆ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ. ಕನ್ನ ಹಾಕುವವನಿಗೆ ಬೇಕಾದದ್ದು ಸದ್ದಿಲ್ಲದ ಒಂದೆರಡು ನಿಮಿಷ. ಯುರೋಪಿನ ಇಎನ್ 1627 ಮಾನದಂಡ ಬಾಗಿಲು, ಕಿಟಕಿಗಳ ಗಟ್ಟಿತನವನ್ನು ಅಳೆಯುವುದೂ ನಿಮಿಷಗಳಲ್ಲೇ. ಆರ್‌ಸಿ 2 ದರ್ಜೆಯದು ಸ್ಕ್ರೂಡ್ರೈವರ್, ಇಕ್ಕಳ, ಬೆಣೆಯಂಥ ಸಣ್ಣ ಉಪಕರಣಗಳ ಎದುರು 3 ನಿಮಿಷ ತಡೆಯಬೇಕು, ಆರ್‌ಸಿ 3 ದರ್ಜೆಯದು ಸಬ್ಬಲಿನ ಎದುರು 5 ನಿಮಿಷ. ಒಡೆಯಲಾಗದ ಬಾಗಿಲು ಎಂಬುದು ಇಲ್ಲ. ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ಸದ್ದಾಗುತ್ತದೆ ಎಂಬುದಷ್ಟೇ ಲೆಕ್ಕ.

ಇನ್ನೊಂದು ಬಗೆಯವನಿದ್ದಾನೆ. ಅವನು ಒಡೆಯುವುದಿಲ್ಲ, ಬೆಲ್ ಮಾಡುತ್ತಾನೆ. ನೀವೇ ಬಾಗಿಲು ತೆಗೆದ ಮೇಲೆ ಜಗತ್ತಿನ ಅತ್ಯುತ್ತಮ ಬೀಗವೂ ಅವನ ಮುಂದೆ ವ್ಯರ್ಥ. ಇಬ್ಬರಿಗೂ ಬೇಕಾದ ಏರ್ಪಾಟು ಬೇರೆ ಬೇರೆ, ಹಾಗಾಗಿ ಬೇರೆಯಾಗಿಯೇ ನೋಡೋಣ.

ಬೆಲ್ ಮಾಡಿದವರನ್ನು ನೋಡಿ ಮಾತಾಡಲು

ಇಲ್ಲಿ ಐದು ಆಯ್ಕೆಗಳಿವೆ: ಮ್ಯಾಜಿಕ್ ಐ (ಬಾಗಿಲಿಗೆ ತೂತು ಕೊರೆದು ಕೂರಿಸುವ ಇಣುಕು ಮಸೂರ), ಸರಪಳಿ, ಸಲಾಕೆಯ ತಡೆ, ಹೊರಗಿನ ಗ್ರಿಲ್ ಬಾಗಿಲು, ವಿಡಿಯೊ ಡೋರ್‌ಬೆಲ್.

ಮ್ಯಾಜಿಕ್ ಐ ಎಲ್ಲಕ್ಕಿಂತ ಅಗ್ಗ, ಕರೆಂಟು ಬೇಡ, ಕೆಡುವುದೂ ಅಪರೂಪ. ನೋಟದ ಕೋನ 160 ಡಿಗ್ರಿಗಿಂತ ಕಡಿಮೆಯದನ್ನು ಕೊಳ್ಳಬೇಡಿ. ಕಿರಿದಾದರೆ ಬಾಗಿಲ ಪಕ್ಕಕ್ಕೆ ಒತ್ತಿ ನಿಂತ ಎರಡನೆಯವನು ಕಾಣುವುದಿಲ್ಲ. ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಹಾಕಿಸಿ. ಮನೆಯಲ್ಲಿ ಮಕ್ಕಳೋ ಗಾಲಿಕುರ್ಚಿ ಬಳಸುವವರೋ ಇದ್ದರೆ 115 ಸೆಂಟಿಮೀಟರ್ ಸುಮಾರಿಗೆ ಇನ್ನೊಂದು ಇರಲಿ. ಕೊರೆಯುವಾಗ ಒಂದೇ ಕಡೆಯಿಂದ ಪೂರ್ತಿ ಕೊರೆದರೆ ಆಚೆ ಬದಿಯ ಮೇಲ್ಪದರ ಸಿಪ್ಪೆಯಂತೆ ಎದ್ದು ಬರುತ್ತದೆ. ತೆಳುವಾದ ಬಿಟ್‌ನಲ್ಲಿ ಆರಪಾರ ಗುರುತು ಮಾಡಿಕೊಂಡು, ದೊಡ್ಡ ಬಿಟ್ಟನ್ನು ಎರಡೂ ಕಡೆಯಿಂದ ಅರ್ಧರ್ಧ ಓಡಿಸಬೇಕು. ಇದಕ್ಕೆ ಎರಡು ಕೊರತೆಗಳಿವೆ. ಹೊರಗೆ ದೀಪವಿಲ್ಲದಿದ್ದರೆ ರಾತ್ರಿ ಏನೂ ಕಾಣದು. ನೀವು ಕಣ್ಣಿಟ್ಟಾಗ ಗಾಜು ಕಪ್ಪಾಗುವುದರಿಂದ ಒಳಗೆ ಜನರಿದ್ದಾರೆಂದು ಹೊರಗಿನವನಿಗೆ ಗೊತ್ತಾಗುತ್ತದೆ. ಮೇಲೆ ಮುಚ್ಚಳವಿರುವುದನ್ನೇ ಆರಿಸಿ. ಮಸೂರವನ್ನು ಹಿಂದುಮುಂದಾಗಿಸುವ ಪುಟ್ಟ ಉಪಕರಣದಿಂದ ಹೊರಗಿನಿಂದಲೂ ಒಳಗೆ ಇಣುಕಬಹುದು.

ಸರಪಳಿಯ ಮೇಲೆ ಜನರಿಗಿರುವ ನಂಬಿಕೆ ಅದರ ಶಕ್ತಿಗೆ ಮೀರಿದ್ದು. ಸರಪಳಿ ತುಂಡಾಗುವುದಿಲ್ಲ, ಸ್ಕ್ರೂ ಕಿತ್ತು ಬರುತ್ತದೆ. ಪೊಟ್ಟಣದಲ್ಲಿ ಬರುವ ಚಿಕ್ಕ ಸ್ಕ್ರೂಗಳು ಭುಜ ಕೊಟ್ಟು ತಳ್ಳಿದರೆ ನಿಲ್ಲುವುದಿಲ್ಲ. ಬಾಗಿಲ ಹಲಗೆಗೆ ಅದರ ದಪ್ಪ ಹಿಡಿಸುವಷ್ಟು ಉದ್ದದ, ಚೌಕಟ್ಟಿಗೆ 40 ಮಿಲಿಮೀಟರಿಗೆ ಕಡಿಮೆಯಿಲ್ಲದ ಸ್ಕ್ರೂ ಹಾಕಿಸಿ. ಹಾಕಿಸಿದ ಮೇಲೆ ನೀವೇ ಹೊರಗೆ ನಿಂತು ಸಂದಿನಲ್ಲಿ ಕೈ ತೂರಿಸಿ ಕೊಂಡಿಯನ್ನು ಜಾರಿಸಲು ನೋಡಿ. ಜಾರಿತೆಂದರೆ ಸರಪಳಿ ಉದ್ದವಾಯಿತು. ಸಲಾಕೆಯಂತೆ ಮಡಚಿಕೊಳ್ಳುವ ತಡೆ ಇದಕ್ಕಿಂತ ಗಟ್ಟಿ, ಎಳೆದಾಡಲು ಸಡಿಲವೂ ಇರದು. ಇವೆರಡೂ ಬಂದವರೊಡನೆ ಮಾತಾಡುವ ಹೊತ್ತಿಗೆ ಮಾತ್ರ. ರಾತ್ರಿಯಿಡೀ ಹಾಕಿಟ್ಟರೆ ಬೆಂಕಿ ಬಿದ್ದಾಗ ನಡುಗುವ ಕೈಗೆ ಅದೇ ಅಡ್ಡಿಯಾಗುತ್ತದೆ.

ಜಾಗವಿದ್ದರೆ ನಮ್ಮ ಮೊದಲ ಆಯ್ಕೆ ಹೊರಗಿನ ಗ್ರಿಲ್ ಬಾಗಿಲು. ಒಳಬಾಗಿಲು ಪೂರ್ತಿ ತೆರೆದು, ಮುಖ ನೋಡಿ ಮಾತಾಡಬಹುದು, ಕಾಗದ ಪಡೆಯಬಹುದು, ಪೊಟ್ಟಣವನ್ನು ಹೊರಗೇ ಇಡಿಸಬಹುದು. ಆದರೆ ಹೆಚ್ಚಿನ ಗ್ರಿಲ್ ಬಾಗಿಲುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ: ಒಳಗಿನ ಚಿಲಕಕ್ಕೆ ಹೊರಗಿನಿಂದ ಬೆರಳು ಎಟಕುತ್ತದೆ. ಚಿಲಕದ ಸುತ್ತ ಒಂದು ಮೊಳದಷ್ಟಾದರೂ ಸರಳುಗಳ ನಡುವೆ ತಗಡು ಬೆಸೆಸಿ. ತಿರುಗಣಿಗಳೂ ಹೊರಗಿನಿಂದ ಸ್ಕ್ರೂ ಬಿಚ್ಚುವಂತಿರಬಾರದು, ಬೆಸುಗೆ ಹಾಕಿರಬೇಕು.

ವಿಡಿಯೊ ಡೋರ್‌ಬೆಲ್‌ನ ನಿಜವಾದ ಲಾಭ ಚಿತ್ರವಲ್ಲ. ಮನೆಯಲ್ಲಿ ಇಲ್ಲದಿರುವಾಗಲೂ ಇದ್ದವರಂತೆ ಉತ್ತರಿಸಬಹುದು, ಅದು. ಹಗಲಲ್ಲಿ ಬೆಲ್ ಮಾಡಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಹಿಂದಿನಿಂದ ನುಗ್ಗುವವರಿಗೆ ಇದು ದೊಡ್ಡ ತೊಡಕು. ವೈಫೈ ಹೋದರೆ, ಬ್ಯಾಟರಿ ಇಳಿದರೆ ಕಣ್ಣೂ ಹೋಯಿತು. ಹಾಗಾಗಿ ಇದು ಮ್ಯಾಜಿಕ್ ಐ ಜೊತೆಗಿರಬೇಕೇ ಹೊರತು ಅದರ ಬದಲಿಗಲ್ಲ.

ಸೋಗು ಹಾಕಿ ಬರುವವರು

ಈ ಭಾಗಕ್ಕೆ ಖರ್ಚಿಲ್ಲ, ಆದರೆ ಅಭ್ಯಾಸ ಬೇಕು. ಮನೆಬಾಗಿಲಿಗೆ ಬರುವ ಮೋಸಗಾರನ ಬಂಡವಾಳ ನಿಮ್ಮ ಮರ್ಯಾದೆ ಮತ್ತು ಅವನು ಹುಟ್ಟಿಸುವ ಅವಸರ. ಮೀಟರ್ ನೋಡಬೇಕು, ಪಕ್ಕದಲ್ಲಿ ಪೈಪು ಒಡೆದಿದೆ ನಿಮ್ಮ ನಲ್ಲಿ ಪರೀಕ್ಷಿಸಬೇಕು, ಗ್ಯಾಸ್ ಸೋರುತ್ತಿದೆಯಂತೆ, ಕುಡಿಯಲು ಸ್ವಲ್ಪ ನೀರು ಕೊಡಿ, ಫೋನ್ ಸತ್ತಿದೆ ಒಂದು ಕರೆ ಮಾಡಲೇ? ಮಾತು ಯಾವುದೇ ಇರಲಿ, ಉದ್ದೇಶ ಒಂದೋ ಒಳಗೆ ಕಾಲಿಡುವುದು, ಇಲ್ಲವೇ ನಿಮ್ಮನ್ನು ಮುಂಬಾಗಿಲಲ್ಲೇ ಹಿಡಿದಿಟ್ಟು ಜೊತೆಗಾರನಿಗೆ ಹಿತ್ತಿಲ ಬಾಗಿಲು ಬಿಡಿಸಿಕೊಡುವುದು. ಅದಕ್ಕೇ ಬೆಲ್ ಆದ ಕೂಡಲೇ ಮೊದಲು ಹಿತ್ತಿಲ ಬಾಗಿಲು ಹಾಕಿದೆಯೇ ನೋಡಿ, ಆಮೇಲೆ ಮುಂದಕ್ಕೆ ಹೋಗಿ.

ಗುರುತಿನ ಚೀಟಿ, ಸಮವಸ್ತ್ರ, ಕೊರಳಪಟ್ಟಿ ಮೂರನ್ನೂ ಯಾರು ಬೇಕಾದರೂ ಮಾಡಿಸಬಹುದು. ಚೀಟಿಯ ಮೇಲಿನ ನಂಬರಿಗೆ ಕರೆ ಮಾಡಿದರೆ ಎತ್ತುವವನು ಅವನ ಕಡೆಯವನೇ ಇರಬಹುದು. ಹಳೆಯ ಬಿಲ್ಲಿನ ಮೇಲೆ ಅಚ್ಚಾದ ನಂಬರಿಗೆ ಕರೆ ಮಾಡಿ, ಇಂಥ ಹೆಸರಿನವರನ್ನು ಇವತ್ತು ನಮ್ಮ ಮನೆಗೆ ಕಳಿಸಿದ್ದೀರಾ ಎಂದು ಕೇಳಿ. ಕರೆ ಮುಗಿಯುವವರೆಗೆ ಬಾಗಿಲು ಮುಚ್ಚಿಯೇ ಇರಲಿ. “ಸ್ವಲ್ಪ ಇರಿ, ಆಫೀಸಿಗೆ ಕೇಳಿ ಹೇಳ್ತೀನಿ” ಎಂದರೆ ನಿಜವಾದ ನೌಕರ ಕಾಯುತ್ತಾನೆ, ಇಲ್ಲವೇ ಇನ್ನೊಂದು ದಿನ ಬರುತ್ತೇನೆ ಎನ್ನುತ್ತಾನೆ. ಸಿಟ್ಟಾಗುವವನು, ದಂಡ ಬೀಳುತ್ತೆ, ಕನೆಕ್ಷನ್ ತೆಗೀತೀವಿ ಎಂದು ಹೆದರಿಸುವವನು ತನ್ನ ಗುರುತನ್ನು ತಾನೇ ಬಿಟ್ಟುಕೊಟ್ಟಂತೆ. ನೀರು ಕೇಳಿದವರಿಗೆ ಬಾಗಿಲು ಹಾಕಿ, ತಂದು ಗ್ರಿಲ್ಲಿನಿಂದಲೇ ಕೊಡಿ. ಕರೆ ಮಾಡಬೇಕೆನ್ನುವವರಿಂದ ನಂಬರ್ ಕೇಳಿಕೊಂಡು ನೀವೇ ಮಾಡಿ ವಿಷಯ ಮುಟ್ಟಿಸಿ.

ಕಾರ್ಮಿಕರ ವಿಷಯದಲ್ಲಿ ಹೋಲಿಕೆ ಸರಳ: ತಾನಾಗಿ ಬಂದವನೋ, ನೀವು ಕರೆಸಿದವನೋ? ಮಾಡಿನ ಹೆಂಚು ಜಾರಿದೆ, ನೀರಿನ ಟ್ಯಾಂಕು ಬಿರುಕು ಬಿಟ್ಟಿದೆ, ಸಾಮಾನು ಜೊತೆಗೇ ಇದೆ, ಇವತ್ತಾದರೆ ಅರ್ಧ ರೇಟು ಎಂದು ಬಂದವನನ್ನು ಮೇಲೆ ಹತ್ತಿಸಬೇಡಿ. ಇಲ್ಲದ ಬಿರುಕು ಅಲ್ಲೇ ಹುಟ್ಟಬಹುದು. ಅಂದಾಜು ಬರೆದು ಕೊಡಲು ಹೇಳಿ, ಅದೇ ದಿನ ಒಪ್ಪಬೇಡಿ, ಮುಂಗಡ ಕೊಡಬೇಡಿ.

ಆಭರಣಕ್ಕೆ ಹೊಳಪು ಕೊಡುತ್ತೇವೆ ಎಂದು ಬರುವವರ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕಣ್ಣೆದುರೇ ನಡೆದರೂ ಮೋಸ ಕಾಣುವುದಿಲ್ಲ. ಒಂದು ಪಾಲು ನೈಟ್ರಿಕ್ ಆಮ್ಲ, ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದರೆ ಚಿನ್ನವನ್ನೂ ಕರಗಿಸುವ ದ್ರವವಾಗುತ್ತದೆ. ಅದರಲ್ಲಿ ಅದ್ದಿದ ಸರ ಹೊಳೆಯುತ್ತಲೇ ವಾಪಸು ಬರುತ್ತದೆ, ತೂಕ ಮಾತ್ರ ಇಳಿದಿರುತ್ತದೆ. ಕರಗಿದ ಚಿನ್ನ ಬಟ್ಟಲಿನ ನೀರಿನೊಂದಿಗೆ ಅವನ ಚೀಲ ಸೇರುತ್ತದೆ, ಆಮೇಲೆ ಅದನ್ನು ಬೇರ್ಪಡಿಸುವುದು ಕಷ್ಟವೇನಲ್ಲ. ಪಾರ್ಸೆಲ್ ರದ್ದು ಮಾಡಲು ಒಟಿಪಿ ಹೇಳಿ ಎನ್ನುವವನೂ ಇದೇ ಸಾಲಿನವನು. ತರಿಸದ ಪಾರ್ಸೆಲ್ಲಿಗೆ ಕೊಡಬೇಕಾದ ಸಂಖ್ಯೆ ಯಾವುದೂ ಇಲ್ಲ.

ಬೀಗಕ್ಕಿಂತ ಮೊದಲು ಚೌಕಟ್ಟು

ಬಾಗಿಲಿಗೆ ಒದ್ದಾಗ ಬಲವೆಲ್ಲ ಹೋಗಿ ಬೀಳುವುದು ಬೀಗದ ನಾಲಿಗೆ ಕೂರುವ ತಗಡಿನ ಮೇಲೆ. ಆ ತಗಡನ್ನು ಸುಮಾರು 20 ಮಿಲಿಮೀಟರಿನ ಎರಡು ಸ್ಕ್ರೂ ಹಿಡಿದಿದ್ದರೆ ಬೀಗ ಎಷ್ಟು ದುಬಾರಿಯದಾದರೂ ಮರ ಸೀಳಿ ಬಾಗಿಲು ತೆರೆಯುತ್ತದೆ. ಅವನ್ನು ತೆಗೆದು, ಚೌಕಟ್ಟನ್ನು ದಾಟಿ ಹಿಂದಿನ ಗಟ್ಟಿ ಮರಕ್ಕೆ ಇಳಿಯುವ 75 ಮಿಲಿಮೀಟರಿನ ಸ್ಕ್ರೂ ಹಾಕಿಸಿ. 5 ಮಿಲಿಮೀಟರ್ ದಪ್ಪದ ಸ್ಕ್ರೂಗೆ 3 ಮಿಲಿಮೀಟರಿನ ತೂತು ಮೊದಲೇ ಕೊರೆಯಬೇಕು, ಇಲ್ಲದಿದ್ದರೆ ಗಟ್ಟಿ ಮಾಡಲು ಹೋಗಿ ಮರವನ್ನು ನಾವೇ ಸೀಳಿದಂತಾಗುತ್ತದೆ. ಚೌಕಟ್ಟಿನ ಹಿಂದೆ ಇಟ್ಟಿಗೆಯೋ ಕಾಂಕ್ರೀಟೋ ಇದ್ದರೆ ಮರದ ಸ್ಕ್ರೂ ಹಿಡಿಯದು, ಪ್ಲಗ್ ಸಮೇತ ಗೋಡೆಗೆ ಇಳಿಯುವ ಉದ್ದನೆಯ ಫಾಸ್ಟನರ್ ಬೇಕು. ಬಾಗಿಲು ಗಟ್ಟಿ ಮಾಡುವ ಕೆಲಸಗಳಲ್ಲಿ ಒಂದೇ ಒಂದನ್ನು ಮಾಡಿಸುವಷ್ಟು ಅನುಕೂಲವಿದ್ದರೆ ಇದನ್ನೇ ಮಾಡಿಸಿ.

ಬಾಗಿಲು ಹೊರಕ್ಕೆ ತೆರೆಯುವಂಥದ್ದಾದರೆ ತಿರುಗಣಿಯ ಕಡ್ಡಿ ಹೊರಗೇ ಇರುತ್ತದೆ, ಅದನ್ನು ಬಡಿದು ತೆಗೆದರೆ ಬೀಗದ ಗೊಡವೆಯೇ ಇಲ್ಲ. ಕಡ್ಡಿ ಕಳಚದ ತಿರುಗಣಿ ಹಾಕಿಸಿ. ಇಲ್ಲವೇ ತಿರುಗಣಿಯ ಬದಿಯಲ್ಲಿ ಬಾಗಿಲು ಮುಚ್ಚಿದಾಗ ಚೌಕಟ್ಟಿನೊಳಗೆ ಹೊಕ್ಕುವ ಉಕ್ಕಿನ ಗೂಟ ಎರಡು ಕೂರಿಸಿ.

ಈಗ ಬೀಗ. ಹೊರಗೆ ತೂಗುವ ಬೀಗಕ್ಕೆ ಇರುವ ದೊಡ್ಡ ಕೆಟ್ಟ ಗುಣವೆಂದರೆ, ಮನೆಯಲ್ಲಿ ಯಾರೂ ಇಲ್ಲವೆಂದು ಅದು ಬೀದಿಗೆಲ್ಲ ಸಾರುತ್ತದೆ. ಬೀಗ ಗಟ್ಟಿಯಿದ್ದರೂ ಅದು ನೇತಾಡುವ ಕೊಂಡಿಯನ್ನು ಸಬ್ಬಲು ಮೀಟಿ ಎತ್ತುತ್ತದೆ. ಅದೇ ಬೇಕೆಂದರೆ ಕಮಾನು ಹೆಚ್ಚು ಕಾಣದಂತೆ ಮೈಯೊಳಗೇ ಮುಚ್ಚಿಕೊಂಡಿರುವ ಬೀಗ ಆರಿಸಿ, ಕೊಂಡಿಯನ್ನು ಸ್ಕ್ರೂ ಬದಲು ಬಾಗಿಲಿನ ಆಚೆಗೆ ನಟ್ಟು ಬಿಗಿದ ಬೋಲ್ಟಿನಿಂದ ಕೂರಿಸಿ.

ಬಾಗಿಲೊಳಗೆ ಹೂಳುವ ಮಾರ್ಟಿಸ್ ಬೀಗ ಹೊರನೋಟಕ್ಕೆ ಏನನ್ನೂ ಹೇಳುವುದಿಲ್ಲ. ನಾಲಿಗೆ 20ರಿಂದ 25 ಮಿಲಿಮೀಟರ್ ಹೊರಬರುವಂಥದ್ದು, ಕೈಯಿಂದ ಒತ್ತಿದರೆ ಹಿಂದಕ್ಕೆ ಸರಿಯದಂಥದ್ದು ಇರಲಿ. ಆದರೆ ಬಾಗಿಲ ದಪ್ಪ ಮೊದಲು ಅಳೆಯಿರಿ. 45 ಮಿಲಿಮೀಟರ್ ಸುಮಾರಿನ ಗಟ್ಟಿ ಮರಕ್ಕೆ ಇದು ಹೇಳಿ ಮಾಡಿಸಿದ್ದು. 30 ಮಿಲಿಮೀಟರಿನ ಹಲಗೆಯಲ್ಲಿ 16 ಮಿಲಿಮೀಟರ್ ಕೊರೆದರೆ ಎರಡೂ ಬದಿಗೆ ಉಳಿಯುವುದು ತಲಾ 7 ಮಿಲಿಮೀಟರ್, ಒದೆ ಬಿದ್ದಾಗ ಅಲ್ಲೇ ಒಡೆಯುತ್ತದೆ. ತೆಳು ಬಾಗಿಲಿಗೆ ಒಳಮೈ ಮೇಲೆ ಕೂರುವ ಬೀಗವೇ ವಾಸಿ. ಒಳಗೆ ಟೊಳ್ಳಾದ ಬಾಗಿಲನ್ನು ಹೊರಬಾಗಿಲಾಗಿ ಇಟ್ಟುಕೊಂಡಿದ್ದರೆ ಬೀಗ ಬದಲಿಸಿ ಪ್ರಯೋಜನವಿಲ್ಲ, ಬಾಗಿಲನ್ನೇ ಬದಲಿಸಬೇಕು.

ಎಳೆದರೆ ತಾನೇ ಬೀಳುವ ನೈಟ್ ಲ್ಯಾಚ್ ಅನುಕೂಲಕ್ಕೆ ಸರಿ. ಒಂಟಿಯಾಗಿ ರಾತ್ರಿ ಬಾಗಿಲು ಕಾಯಲು ಸಾಲದು. ಅದರ ಇಳಿಜಾರು ನಾಲಿಗೆಯನ್ನು ಬಾಗಿಲ ಸಂದಿನಲ್ಲಿ ತೂರಿಸಿದ ಪ್ಲಾಸ್ಟಿಕ್ ಹಾಳೆ ಹಿಂದಕ್ಕೆ ತಳ್ಳಬಲ್ಲದು. ಬೀಗದ ಕೈ ತಿರುಗಿಸಿದಾಗ ನಾಲಿಗೆ ಅಲುಗದಂತೆ ಕಚ್ಚಿಕೊಳ್ಳುವ ಬಗೆಯದನ್ನು ಆರಿಸಿ, ತಿರುಗಿಸುವುದನ್ನು ಮರೆಯಬೇಡಿ.

ಉದ್ದ ಸಿಲಿಂಡರಿನ (ಕೀ ತೂರಿಸಿ ತಿರುಗಿಸುವ ಭಾಗ) ಬೀಗಗಳಲ್ಲಿ ನೋಡಬೇಕಾದದ್ದು ಸಿಲಿಂಡರ್ ಹೊರಗಿನ ಕವಚದಿಂದ ಎಷ್ಟು ಮುಂದೆ ಬಂದಿದೆ ಎಂಬುದು. 3 ಮಿಲಿಮೀಟರಿಗಿಂತ ಹೆಚ್ಚು ಚಾಚಿದ್ದರೆ ಇಕ್ಕಳದಲ್ಲಿ ಹಿಡಿದು ಮುರಿಯಬಹುದು, ಸ್ಕ್ರೂ ಹೋಗುವ ನಡುಭಾಗವೇ ಅದರ ತೆಳುವಾದ ಜಾಗ. ಹೊಸದು ತರುವಾಗ ಆ ಸ್ಕ್ರೂವಿನ ನಡುವಿನಿಂದ ಒಳಮೈಗೆ ಎಷ್ಟು, ಹೊರಮೈಗೆ ಎಷ್ಟು ಎಂದು ಎರಡೂ ಅಳತೆ ಬೇರೆ ಬೇರೆ ಬರೆದುಕೊಂಡು ಹೋಗಿ. ಮುರಿದರೂ ಮುಂದಿನ ತುಣುಕು ಮಾತ್ರ ಹೋಗಿ ಬೀಗ ಉಳಿಯುವಂಥ ಸಿಲಿಂಡರುಗಳು ಸಿಗುತ್ತವೆ. ಹೊಸ ಮನೆಗೆ ಹೋದಾಗ ಇಡೀ ಬೀಗ ಬದಲಿಸಬೇಕಿಲ್ಲ, ಸಿಲಿಂಡರ್ ಬದಲಿಸಿದರೆ ಹಳೆಯ ಕೀಗಳೆಲ್ಲ ನಿರುಪಯೋಗಿ.

ಸ್ಮಾರ್ಟ್ ಲಾಕ್ ಗಟ್ಟಿಯ ಬೀಗವಲ್ಲ, ಅನುಕೂಲದ ಬೀಗ. ಕೆಲಸದವರಿಗೆ ತಾತ್ಕಾಲಿಕ ಸಂಖ್ಯೆ ಕೊಟ್ಟು ಆಮೇಲೆ ಅಳಿಸಬಹುದು, ಕುಂಡದ ಕೆಳಗೆ ಕೀ ಬಚ್ಚಿಡುವ ಚಟ ತಪ್ಪುತ್ತದೆ. ಕೆಡುವುದು ಹೆಚ್ಚಾಗಿ ಬಾಗಿಲು ಇಳಿಬಿದ್ದಾಗ: ನಾಲಿಗೆ ತಗಡಿಗೆ ಉಜ್ಜಿ, ಮೋಟರ್ ಏಗಲಾರದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಒಂದೇ ಸಂಖ್ಯೆಯನ್ನು ವರ್ಷಗಟ್ಟಲೆ ಒತ್ತಿದರೆ ಸವೆದ ಗುಂಡಿಗಳೇ ಗುಟ್ಟು ಹೇಳುತ್ತವೆ. ಯಾವ ಬೀಗವೇ ಆಗಲಿ, ಒಳಗಿನಿಂದ ಕೀ ಹುಡುಕದೆ ತೆರೆಯುವಂತಿರಲಿ.

ಕಿಟಕಿ

ಸರಳು ಹಾಕಿಸಿದ ಕಿಟಕಿಗೆ ಎರಡು ಪ್ರಶ್ನೆ. ಸರಳು ಗೋಡೆಯೊಳಗೆ ಹೂತಿದೆಯೋ, ಮರಕ್ಕೆ ಸ್ಕ್ರೂನಲ್ಲಿ ಅಂಟಿದೆಯೋ? ಎರಡನೆಯದಾದರೆ ಸ್ಕ್ರೂ ತಲೆಗೆ ಬೆಸುಗೆ ಹಾಕಿಸಿ. ಮಲಗುವ ಕೋಣೆಯ ಒಂದು ಕಿಟಕಿಯಾದರೂ ಒಳಗಿನಿಂದ ತೆರೆಯುತ್ತದೆಯೋ? ಬೆಂಕಿ ಬಿದ್ದಾಗ ತೆರೆಯದ ಗ್ರಿಲ್ಲು ಪ್ರಾಣಕ್ಕೆ ಎರವಾಗುತ್ತದೆ. ಅದರ ಕೀ ಕಿಟಕಿಯಿಂದ ಕೈಗೆಟಕದ, ಆದರೆ ಮನೆಯವರೆಲ್ಲರಿಗೂ ಗೊತ್ತಿರುವ ಮೊಳೆಗೆ ನೇತಾಡುತ್ತಿರಲಿ.

ಜಾರುವ ಕಿಟಕಿಯ ರೆಕ್ಕೆಯನ್ನು ಮೇಲಕ್ಕೆತ್ತಿ ಹಳಿಯಿಂದಲೇ ಕಳಚಬಹುದು. ಮೇಲಿನ ಹಳಿಯಲ್ಲಿ ಎತ್ತಲು ಜಾಗ ಕೊಡದಂತೆ ಒಂದೆರಡು ಸ್ಕ್ರೂ, ಕೆಳಗಿನ ಹಳಿಯಲ್ಲಿ ಅಳತೆಗೆ ಕತ್ತರಿಸಿದ ಒಂದು ಕೋಲು, ಇಷ್ಟೇ ಸಾಕು. ಗಾಜಿನ ಪಟ್ಟಿಗಳ ಕಿಟಕಿಗಳಲ್ಲಿ ಪಟ್ಟಿಗಳನ್ನು ಒಂದೊಂದಾಗಿ ಸದ್ದಿಲ್ಲದೆ ಎಳೆಯಬಹುದು, ತುದಿಗಳಿಗೆ ಎಪಾಕ್ಸಿ ಅಂಟು ಹಾಕಿ. ಗಾಜು ಬದಲಿಸುವುದಾದರೆ ಟಫನ್ಡ್ ಗಾಜನ್ನು ಭದ್ರತೆಯ ಗಾಜೆಂದು ನಂಬಬೇಡಿ. ಅದು ಪುಡಿಯಾಗಿ ಉದುರಿ ದಾರಿ ಬಿಡುತ್ತದೆ. ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಬಿರುಕು ಬಿಟ್ಟರೂ ಚೌಕಟ್ಟಿನಲ್ಲೇ ನಿಲ್ಲುತ್ತದೆ.

ಬೆಳಕು, ಅಲಾರಂ, ಕ್ಯಾಮೆರಾ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಪರಾಧ ಸಮೀಕ್ಷೆಯ ಅಂಕಿಅಂಶಗಳ ಮೇಲೆ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ ವಿಶ್ಲೇಷಣೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ದುಬಾರಿ ಸಾಧನಗಳಲ್ಲ. ಕಿಟಕಿಯ ಬೀಗ, ಟೈಮರಿನಿಂದ ಹತ್ತುವ ಒಳದೀಪ, ಬಾಗಿಲಿಗೆ ಎರಡು ಬೀಗ, ಸೆನ್ಸರಿನ ಹೊರದೀಪ, ಈ ನಾಲ್ಕೂ ಒಟ್ಟಿಗೆ ಇದ್ದಾಗ ಫಲ ಹೆಚ್ಚು.

ಸೆನ್ಸರ್ ದೀಪವನ್ನು 2ರಿಂದ 2.5 ಮೀಟರ್ ಎತ್ತರದಲ್ಲಿ, ಜನ ಅದರ ಮುಂದೆ ಅಡ್ಡಹಾಯುವಂತೆ ಕೂರಿಸಿ. ನೇರವಾಗಿ ಅದರತ್ತ ನಡೆದು ಬರುವವನನ್ನು ಅದು ತಡವಾಗಿ ಗುರುತಿಸುತ್ತದೆ, ಏಕೆಂದರೆ ಮೈಶಾಖ ಒಂದು ವಲಯದಿಂದ ಇನ್ನೊಂದಕ್ಕೆ ದಾಟುವುದನ್ನೇ ಅದು ಗಮನಿಸುವುದು. ಬಿರುಬೇಸಿಗೆಯಲ್ಲಿ ಗಾಳಿಯ ಬಿಸಿ ಮೈಬಿಸಿಗೆ ಹತ್ತಿರವಾದಾಗ ಅದರ ಚುರುಕು ಇಳಿಯುತ್ತದೆ.

ಅಲಾರಂ ಕೇಳಿ ಬರುವವರಿದ್ದರೆ ಮಾತ್ರ ಅದಕ್ಕೆ ಅರ್ಥ. ಅಕ್ಕಪಕ್ಕದವರ ಹತ್ತಿರ ಮೊದಲು ಮಾತಾಡಿ, ಆಮೇಲೆ ಕೊಳ್ಳಿ. ಕರೆಂಟು ಹೋದರೂ ಕೂಗುವ ಬ್ಯಾಟರಿ ಇರಬೇಕು, ಸೈರನ್ ಕೈಗೆಟಕದಷ್ಟು ಎತ್ತರದಲ್ಲಿರಬೇಕು.

ಕ್ಯಾಮೆರಾ ಕೊಳ್ಳುವುದೇ ಆದರೆ ಒಂದು ಲೆಕ್ಕ ಹಾಕಿ. ಅಪರಿಚಿತನ ಮುಖ ಗುರುತಿಸಲು ದೃಶ್ಯದ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕೆಂದು ಇಎನ್ 62676-4 ಮಾನದಂಡದ 2015ರ ಆವೃತ್ತಿ ಹೇಳಿತ್ತು. 1920 ಪಿಕ್ಸೆಲ್ ಅಗಲದ ಕ್ಯಾಮೆರಾ ಏಳೂವರೆ ಮೀಟರಿಗಿಂತ ಅಗಲದ ಜಾಗ ನೋಡುತ್ತಿದ್ದರೆ ಸಿಗುವುದು ಯಾರೋ ಓಡಾಡಿದ ಚಿತ್ರ ಮಾತ್ರ. ಇಡೀ ಅಂಗಳ ಕಾಣಲೆಂದು ಮಹಡಿಯ ಮೇಲೆ ಕಟ್ಟಿದರೆ ಟೋಪಿಗಳೇ ಕಾಣುತ್ತವೆ. ಬರುವ ದಾರಿಯಲ್ಲಿ ಮುಖದ ಎತ್ತರಕ್ಕೆ ಒಂದು ಹಾಕುವುದು ಮೇಲು. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಸದಾ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಗಿಗಾಬೈಟ್, 128 ಗಿಗಾಬೈಟ್ ಕಾರ್ಡು ಆರು ದಿನ ತುಂಬುವ ಮುಂಚೆಯೇ ಹಳೆಯದನ್ನು ಅಳಿಸತೊಡಗುತ್ತದೆ. ಕಾರ್ಡು ಕ್ಯಾಮೆರಾದೊಳಗೇ ಇದ್ದರೆ ಕಳ್ಳನ ಜೊತೆಗೇ ಹೋಗುತ್ತದೆ, ಪ್ರತಿ ಬೇರೆಡೆ ಇರಲಿ. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಹರಡಿದ್ದು ಹಾಗೆ ಬದಲಿಸದೆ ಬಿಟ್ಟ ಕ್ಯಾಮೆರಾ, ರೌಟರ್‌ಗಳ ಮೂಲಕವೇ.

ಯಾರಿಗೆ ಯಾವುದು

ಬಾಡಿಗೆ ಮನೆಯವರು ಬಾಗಿಲು ಬದಲಿಸಲಾರರು. ಮಾಲೀಕರ ಒಪ್ಪಿಗೆ ಪಡೆದು ಸಿಲಿಂಡರ್ ಮತ್ತು ಸ್ಕ್ರೂ ಬದಲಿಸಲಿ, ಬಿಟ್ಟು ಹೋಗುವಾಗ ಹಳೆಯ ಸಿಲಿಂಡರನ್ನು ಮತ್ತೆ ಕೂರಿಸಬಹುದು. ರಾತ್ರಿ ಒಳಕ್ಕೆ ತೆರೆಯುವ ಬಾಗಿಲ ಕೆಳಗೆ ಸಿಕ್ಕಿಸುವ, ತಳ್ಳಿದರೆ ಕಿರುಚುವ ಬೆಣೆ ಒಳ್ಳೆಯ ಜೊತೆ.

ಹೆಚ್ಚು ದಿನ ಊರಿನಿಂದ ಹೊರಗಿರುವವರಿಗೆ ಬೇಕಾದದ್ದು ಮಾರ್ಟಿಸ್ ಬೀಗ, ಟೈಮರ್ ದೀಪ, ಬಾಗಿಲ ಮುಂದೆ ಬಿದ್ದ ಪತ್ರಿಕೆ, ಪೊಟ್ಟಣ ಎತ್ತಿಡುವ ನಂಬಿಕೆಯ ನೆರೆಯವರು. ತಿಜೋರಿ ಇದ್ದರೆ ಕಾಂಕ್ರೀಟಿಗೆ ಬೋಲ್ಟ್ ಹಾಕಿರಬೇಕು, ಇಲ್ಲದಿದ್ದರೆ ಇಬ್ಬರು ಸೇರಿ ಎತ್ತಿಕೊಂಡೇ ಹೋಗುತ್ತಾರೆ. ಬೆಂಕಿ ತಡೆಯುವ ತಿಜೋರಿಯೆಂದು ಮಾರುವುದು ಕಾಗದಪತ್ರಕ್ಕೆ, ಅದರ ತೆಳು ಉಕ್ಕು ಸಬ್ಬಲಿಗೆ ತಡೆಯಲ್ಲ. ಮರಳಿ ಬಂದಾಗ ಬಾಗಿಲು ಒಡೆದಿದ್ದರೆ ಒಳಗೆ ಹೋಗಬೇಡಿ, ಯಾವುದನ್ನೂ ಮುಟ್ಟಬೇಡಿ, ದೂರ ಸರಿದು ಪೊಲೀಸರಿಗೆ ಕರೆ ಮಾಡಿ.

ಒಂಟಿಯಾಗಿರುವ ಹಿರಿಯರಿಗೆ ಗ್ರಿಲ್ ಬಾಗಿಲು, ಮ್ಯಾಜಿಕ್ ಐ, ಹೊರದೀಪ, ಈ ಕ್ರಮದಲ್ಲಿ. ಮ್ಯಾಜಿಕ್ ಐ ಪಕ್ಕದಲ್ಲೇ ಒಂದು ಚೀಟಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿಕೊಡಿ: ವಿದ್ಯುತ್, ನೀರು, ಗ್ಯಾಸ್ ಕಚೇರಿಗಳ ಬಿಲ್ಲಿನ ಮೇಲಿನ ನಂಬರುಗಳು, ಪಕ್ಕದ ಮನೆಯವರ ನಂಬರ್, ಮಗನದೋ ಮಗಳದೋ ನಂಬರ್. ಅದರ ಮೇಲೆ ಬಂದವರಿಗೆ ಹೇಳಬೇಕಾದ ಮಾತನ್ನೂ ಬರೆಯಿರಿ: “ಈಗ ಆಗಲ್ಲ, ಮಗ ಇದ್ದಾಗ ಬನ್ನಿ.” ವಾರಕ್ಕೊಮ್ಮೆ ಫೋನಿನಲ್ಲಿ ಅದನ್ನು ಅವರಿಂದ ಹೇಳಿಸಿ. ಅಪರಿಚಿತರಿಗೆ ಇಲ್ಲ ಎನ್ನುವುದು ಹಿರಿಯರಿಗೆ ಕಷ್ಟ, ನಾಲಿಗೆಗೆ ರೂಢಿಯಾದರೆ ಬೇಕಾದ ಹೊತ್ತಿಗೆ ಬಾಯಿಗೆ ಬರುತ್ತದೆ.